ಹನ್ನೊಂದು ಓಟಿನಲ್ಲಿ ಸೋತೆವು, ಆದರೂ ಖುಷಿಯಾಗಿದ್ದೇನೆ. ತಲೆ ಕೆಟ್ಟಿದೆಯಾ ನನಗೆ?

ಹಿಪ್ಪುನೇರಳೆ ಕಡ್ಡಿ (ಶಿಡ್ಲಘಟ್ಟ) · 3 ಜನವರಿ 2021

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು. ಇವತ್ತು ಬರೆಯದೆ ನಿದ್ದೆ ಬರಲ್ಲ ಅನ್ನಿಸಿತು. ಸ್ವಲ್ಪ ಉದ್ದ ಇದೆ, ಬೈಬೇಡಿ.

ಲಾಕ್‌ಡೌನ್ ಆದಾಗ ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಬಂದೆ. ಶಿಡ್ಲಘಟ್ಟ ತಾಲ್ಲೂಕಿನ ಚಿಕ್ಕ ಊರು. ಮನೆಯಲ್ಲಿ ನೆಟ್‌ವರ್ಕ್ ಸಿಗಲ್ಲ. ಕೆರೆ ಕಟ್ಟೆ ಮೇಲೆ ಹುಣಸೆ ಮರದ ಕೆಳಗೆ ಕೂತು ಕಂಪನಿ ಕೆಲಸ ಮಾಡುತ್ತಿದ್ದೆ. ಪಂಚಾಯಿತಿ ಎಲೆಕ್ಷನ್ ಬಂತು. ನಮ್ಮ ಬೀದಿಯ ಅಕ್ಕ ಒಬ್ಬರು ಕಟ್ಟೆ ಹತ್ತಿ ಬಂದು, "ಲ್ಯಾಪ್‌ಟಾಪ್ ಇಟ್ಕೊಂಡಿದೀಯಲ್ಲಪ್ಪಾ, ನಂಗೊಂದು ಪಾಂಪ್ಲೆಟ್ ಮಾಡಿಕೊಡು" ಎಂದರು. ಅಲ್ಲಿಂದ ಶುರು.

ಅಕ್ಕ ಬ್ಲೌಸ್ ಹೊಲಿಯುತ್ತಾರೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ. ನಮ್ಮ ವಾರ್ಡಿಗೆ ಒಂದೇ ಸೀಟು, ಈ ಸಲ ಸಾಮಾನ್ಯ ಮಹಿಳೆಗೆ ಬಂದಿತ್ತು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇರಲ್ಲ, ಆಯೋಗದ ಪಟ್ಟಿಯಿಂದ ಒಂದನ್ನು ಕೊಡುತ್ತಾರೆ. ಅಕ್ಕನಿಗೆ ಸಿಕ್ಕಿದ್ದು ಹೊಲಿಗೆ ಯಂತ್ರ! ಅರ್ಧ ಪ್ರಚಾರ ಅಲ್ಲಿಗೇ ಮುಗಿಯಿತು.

2015ರಲ್ಲಿ ನಮ್ಮ ವಾರ್ಡಿನಲ್ಲಿ ಎಲೆಕ್ಷನ್ನೇ ಆಗಿರಲಿಲ್ಲ. ದೇವಸ್ಥಾನದ ಜಗಲಿ ಮೇಲೆ ಐದಾರು ಜನ ಕೂತು 'ಅವಿರೋಧ' ಮಾಡಿಬಿಟ್ಟಿದ್ದರು. ಗೋಪುರಕ್ಕೆ ಬಣ್ಣ ಹೊಡೆಸುತ್ತೇನೆ ಅಂದವರಿಗೆ ಸೀಟು. ಈ ಸಲವೂ ಅದೇ ಮಾತು ಎದ್ದಿತು. ಅಷ್ಟರಲ್ಲಿ ಅಕ್ಕ ನಾಮಿನೇಷನ್ ಹಾಕಿ ಬಂದಿದ್ದರು. ಹೆಂಗಸರಿಗೆ ಠೇವಣಿ ನೂರು ರೂಪಾಯಿ. ಆ ನೂರು ರೂಪಾಯಿಗೆ ಊರಿನ ದೊಡ್ಡವರಿಗೆ ಬಂದ ಕೋಪ ನೀವು ನೋಡಬೇಕಿತ್ತು.

ಪ್ರಚಾರ ಅಂದರೆ ಮೈಕು, ಜೈಕಾರ ಅಂದುಕೊಂಡಿದ್ದೆ. ನಮ್ಮದು ಹುಳದ ಮನೆಗಳಲ್ಲೇ ನಡೆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳಕ್ಕೆ ಹಸಿವೋ ಹಸಿವು. ಆಗ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಬೀದಿಯಲ್ಲಿ ನಿಂತು ಕೂಗಿದರೆ ಯಾರೂ ಹೊರಗೆ ಬರಲ್ಲ. ಒಳಗೆ ಹೋಗಬೇಕು ಅಂದರೆ ಚಪ್ಪಲಿ ಬಿಟ್ಟು ಕೈಕಾಲು ತೊಳೆಯಬೇಕು. ಎದುರು ಪಾರ್ಟಿಯ ಹುಡುಗರು ಗುಟ್ಕಾ ಜಗಿಯುತ್ತ ಬಂದರು. ಬಾಗಿಲಲ್ಲೇ ತಡೆದರು. ತಂಬಾಕಿನ ಗಾಳಿ ತಾಗಿದರೂ ಹುಳಕ್ಕೆ ಆಗಲ್ಲ.

ಮೊದಲ ಮನೆಯಲ್ಲಿ ಅಜ್ಜಿ ನಮ್ಮ ಮುಖ ನೋಡಿ ಕೇಳಿದ್ದು ಒಂದೇ. "ಓಟುಕಿ ಎಂತ ಇಸ್ತಾರು?" ನಮ್ಮ ಕಡೆ ಸುಮಾರು ಮನೆಗಳಲ್ಲಿ ತೆಲುಗು. ಓಟಿಗೆ ಎಷ್ಟು ಕೊಡ್ತೀರ ಅಂತ. ಅಕ್ಕ "ಏಮೀ ಲೇದು ಅವ್ವಾ" ಎಂದರು, ಏನೂ ಇಲ್ಲ ಅಂತ. ಅಜ್ಜಿ ಒಂದು ಗಳಿಗೆ ಯೋಚನೆ ಮಾಡಿ, ಸೊಪ್ಪಿನ ಬುಟ್ಟಿಯನ್ನು ಕಾಲಿನಿಂದ ನಮ್ಮ ಕಡೆ ತಳ್ಳಿದರು. ದುಡ್ಡಿಲ್ಲ ಅಂದ್ರೆ ಸೊಪ್ಪಾದರೂ ಹಾಕಿ ಎಂದರು.

ಅರ್ಧ ಗಂಟೆ ಸೊಪ್ಪು ಹಾಕಿದೆವು. ಆಗ ಆ ಮನೆಯ ಸೊಸೆ ಕೇಳಿದರು. "ಶುದ್ಧ ನೀರಿನ ಘಟಕ ಕೆಟ್ಟು ಎಂಟು ತಿಂಗಳಾಯ್ತು. ಐದು ರೂಪಾಯಿ ಹಾಕಿದರೆ ನುಂಗುತ್ತೆ, ನೀರು ಬರಲ್ಲ. ಆ ನಾಣ್ಯದ ಡಬ್ಬಿ ಬೀಗ ಯಾರ ಹತ್ರ ಇದೆ?"

ನಾನು ಡಿಗ್ರಿ ಓದಿದವನು. ಈ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರು ನಮ್ಮದು. ಆ ಘಟಕ ನಿಂತರೆ ಕ್ಯಾನಿನ ನೀರು ಕೊಳ್ಳಬೇಕು, ಇಲ್ಲಾ ಹಲ್ಲು ಹಳದಿ ಮಾಡಿಕೊಳ್ಳಬೇಕು. ಮರುದಿನದಿಂದ ನಮ್ಮ ಪಾಂಪ್ಲೆಟ್ಟಿನ ಮೊದಲ ಸಾಲೇ ಅದು: ಡಬ್ಬಿ ಬೀಗ ಯಾರ ಹತ್ರ ಇದೆ?

ದಲಿತರ ಕಾಲೋನಿಯಲ್ಲಿ ಇನ್ನೊಂದು ಕೇಳಿದರು. ಕೆರೆ ಹೂಳು ತೆಗೆದ ಲೆಕ್ಕದಲ್ಲಿ ನಮ್ಮ ಉದ್ಯೋಗ ಖಾತ್ರಿ ಜಾಬ್ ಕಾರ್ಡ್ ಇದೆಯಂತೆ. ತೆಗೆದದ್ದು ಜೆಸಿಬಿ. ದಿನಕ್ಕೆ 275 ರೂಪಾಯಿ ಕೂಲಿ ಯಾರ ಜೇಬಿಗೆ ಹೋಯ್ತು? ನಾನು ಹುಟ್ಟಿ ಬೆಳೆದ ಊರಲ್ಲಿ, ಇಪ್ಪತ್ತೇಳು ವರ್ಷದಲ್ಲಿ, ಕಾಲೋನಿಯ ಒಂದು ಮನೆಯ ಒಳಗೂ ಅದುವರೆಗೆ ಕಾಲಿಟ್ಟಿರಲಿಲ್ಲ. ಬರೆಯಲು ನಾಚಿಕೆ ಆಗುತ್ತೆ, ಆದರೆ ನಿಜ.

ಆಮೇಲೆ ಕತ್ತಲ ರಾತ್ರಿ, ಅಂದರೆ ಓಟಿನ ಹಿಂದಿನ ರಾತ್ರಿ. ಒಂದು ಓಟಿಗೆ ಐನೂರು ಇದ್ದದ್ದು ಸಾವಿರ ಆಯಿತು. ದುಡ್ಡು ಕೊಟ್ಟು ಸುಮ್ಮನೆ ಹೋಗಲ್ಲ ಅವರು. ತಟ್ಟೆಯಲ್ಲಿ ಅರಿಶಿನ, ಮೇಲೆ ದೇವರ ಫೋಟೋ. ಅದರ ಮೇಲೆ ಕೈ ಇಡಿಸಿ ಆಣೆ ಮಾಡಿಸುತ್ತಾರೆ. ನನಗೆ ಆಗ ಎದೆ ಒಡೆದಂಗಾಯಿತು. ದುಡ್ಡಿಗಾದರೆ ಉತ್ತರ ಇದೆ, ದೇವರಿಗೆ ಏನು ಹೇಳೋದು? ಬೆಳಿಗ್ಗೆ ಬೂತಿಗೆ ಹೋಗುವಾಗ ಅದೇ ಅಜ್ಜಿ ಸಿಕ್ಕರು. ನಾನು ಏನೂ ಕೇಳಲಿಲ್ಲ. ಅವರೇ ಹೇಳಿದರು. "ದೇವರ ಹತ್ರ ಮಾತಾಡಿದೀನಿ ಬಿಡು. ಒಂದು ಕಾಯಿ ಒಡೆದರೆ ಆಯ್ತು."

30ನೇ ತಾರೀಖು ಎಣಿಕೆ. ಪಟ್ಟಿಯಲ್ಲಿ 402 ಜನ, ಬಿದ್ದ ಓಟು 371. ಅವರಿಗೆ 179, ಅಕ್ಕನಿಗೆ 168, ಕುಲಗೆಟ್ಟದ್ದು 24.

ನಮ್ಮ ಒಟ್ಟು ಖರ್ಚು 6,340 ರೂಪಾಯಿ. ಅದರಲ್ಲಿ ಎರಡು ಸಾವಿರ ನಮ್ಮ ಹುಡುಗರ ಬಿರಿಯಾನಿಗೆ ಹೋಯಿತು. ಅದನ್ನು ಅಕ್ಕನಿಗೆ ಹೇಳದೆ ನಾನೇ ಕೊಟ್ಟೆ. ಸರಿಯೋ ತಪ್ಪೋ ಗೊತ್ತಿಲ್ಲ.

ಸೋತ ದಿನ ರಾತ್ರಿ ನಾನು ಅಳಬೇಕಿತ್ತು. ಬದಲಿಗೆ 168 ಅನ್ನುವ ಸಂಖ್ಯೆಯನ್ನು ಎಣಿಸುತ್ತಾ ಮಲಗಿದೆ. ನಿಮಗೂ ಯಾರಿಗಾದರೂ ಹೀಗಾಗಿದೆಯಾ?

ಮಾವಿನ ತೋಪು (ಶ್ರೀನಿವಾಸಪುರ) · 3 ಜನವರಿ

ತಮ್ಮಾ, ಮೊದಲನೇ ಎಲೆಕ್ಷನ್ ಅಲ್ವಾ? ಹೂವು ಬಿಟ್ಟಾಗ ಎಲ್ಲಾ ಮರವೂ ಚೆನ್ನಾಗೇ ಕಾಣುತ್ತೆ. ಕಾಯಿ ನಿಲ್ಲಬೇಕಲ್ಲ.

ಪಕ್ಕದ ಮುಳಬಾಗಿಲು ನೋಡಿ. 2013ರಲ್ಲಿ ಪಕ್ಷೇತರರನ್ನು ಗೆಲ್ಲಿಸಿದರು, 2018ರಲ್ಲಿ ಮತ್ತೆ ಪಕ್ಷೇತರರನ್ನೇ ಗೆಲ್ಲಿಸಿದರು. ಪಾರ್ಟಿಗಳಿಗೆ ಬುದ್ಧಿ ಕಲಿಸಿದೆವು ಅಂತ ನಾವೆಲ್ಲ ಟೀ ಅಂಗಡಿಯಲ್ಲಿ ಕುಣಿದದ್ದೇ ಕುಣಿದದ್ದು. 2018ರಲ್ಲಿ ಗೆದ್ದವರು 2019 ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ಸರ್ಕಾರಗಳಲ್ಲಿ ಮಂತ್ರಿಯಾದರು. ತಪ್ಪು ಅಂತ ಹೇಳ್ತಿಲ್ಲ, ಕ್ಷೇತ್ರಕ್ಕೆ ಕೆಲಸ ತರೋಕೆ ಅನ್ನುತ್ತಾರೆ. ಆದರೆ ಓಟು ಹಾಕಿದವನ ಕೈಯಲ್ಲಿ ಏನು ಉಳಿಯಿತು?

2016ರ ಮಾರ್ಚ್‌ನಲ್ಲಿ ನೀರು ಕೊಡಿ ಅಂತ ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿಗೆ ಹೋದವರಲ್ಲಿ ನಾನೂ ಒಬ್ಬ. ಲಾಠಿ ಏಟು ತಿಂದು ಬಂದೆ. ಈಗ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸೋಸಿ ನಮ್ಮ ಕೆರೆಗೆ ಬಿಡುತ್ತಿದ್ದಾರೆ. ಮೂರನೇ ಹಂತ ಮಾಡಿ ಅಂತ ಕೇಳಿ ಕೇಳಿ ಗಂಟಲು ಕಟ್ಟಿತು. ನಿಮ್ಮ ಖುಷಿಗೆ ಕಲ್ಲು ಹಾಕಲ್ಲ. ಆದರೆ ನಾನು ಖುಷಿಪಡುವ ಸ್ಟೇಜ್ ದಾಟಿಯಾಯ್ತು.

ತಿಪಟೂರು ಕೊಬ್ಬರಿ · 3 ಜನವರಿ

ಹನ್ನೊಂದು ಓಟಿನ ಅಂತರ, ಇಪ್ಪತ್ತನಾಲ್ಕು ಕುಲಗೆಟ್ಟ ಮತ! ಮೇಜಿನ ಮುಂದೆ ನಿಮ್ಮ ಏಜೆಂಟ್ ಯಾರಿದ್ದರು? ಒಂದೊಂದನ್ನೂ ತೋರಿಸಿ ಅಂತ ಕೇಳಿದರಾ?

ನಾನು ನಾಲ್ಕು ಎಲೆಕ್ಷನ್‌ನಲ್ಲಿ ಕೌಂಟಿಂಗ್ ಏಜೆಂಟ್ ಆಗಿ ಕೂತವನು, ಅದಕ್ಕೆ ಹೇಳುತ್ತೇನೆ. ಈ ಸಲ ಬೀದರ್ ಜಿಲ್ಲೆ ಬಿಟ್ಟರೆ ಎಲ್ಲಾ ಕಡೆ ಪೇಪರ್ ಬ್ಯಾಲೆಟ್. ಸೀಲು ಎರಡು ಚಿಹ್ನೆಗೂ ತಾಗಿ ಯಾರಿಗೆ ಅಂತ ಗೊತ್ತಾಗದಿದ್ದರೆ ಕುಲಗೆಟ್ಟಿತು. ಸೀಲು ಬಿಟ್ಟು ಹೆಬ್ಬೆಟ್ಟು ಒತ್ತಿದರೂ ಅಷ್ಟೇ. ಆದರೆ ಪೇಪರ್ ಮಡಚಿದಾಗ ಹಸಿ ಶಾಯಿ ಇನ್ನೊಂದು ಚಿಹ್ನೆ ಮೇಲೆ ಅಂಟಿಕೊಂಡಿದ್ದರೆ ಅದು ಕುಲಗೆಟ್ಟದ್ದಲ್ಲ. ಸೀಲಿನಲ್ಲಿ ಬಾಣದ ಗುರುತು ಒಂದೇ ದಿಕ್ಕಿಗೆ ತಿರುಗಿರೋದು ಅದಕ್ಕೇ. ಅಂಟಿಕೊಂಡ ಗುರುತು ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಇರುತ್ತೆ, ತಕ್ಷಣ ಗೊತ್ತಾಗುತ್ತೆ. ರಾತ್ರಿ ಹತ್ತು ಗಂಟೆಗೆ ಸುಸ್ತಾದ ಸಿಬ್ಬಂದಿ ಇದನ್ನೆಲ್ಲ ಒಂದೇ ಬುಟ್ಟಿಗೆ ಹಾಕಿಬಿಡುತ್ತಾರೆ. ಏಜೆಂಟ್ ಬಾಯಿ ಬಿಡಬೇಕು.

2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಓಟಿನಲ್ಲಿ. ಅದೂ ವಿಧಾನಸಭೆಗೆ. ಹನ್ನೊಂದು ಬಹಳ ದೊಡ್ಡ ಸಂಖ್ಯೆ ಸ್ವಾಮಿ.

ಹಿಪ್ಪುನೇರಳೆ ಕಡ್ಡಿ · 3 ಜನವರಿ

ತಿಪಟೂರು ಅಣ್ಣ, ಏಜೆಂಟ್ ನಾನೇ. ಬಾಣದ ವಿಷಯ ಇವತ್ತೇ ಗೊತ್ತಾಗಿದ್ದು. ಹೊಟ್ಟೆ ಉರಿಯುತ್ತಿದೆ ಈಗ.

ಹಳೇ ಮೇಷ್ಟ್ರು (ಚಿಂತಾಮಣಿ) · 4 ಜನವರಿ

ಹೊಟ್ಟೆ ಉರಿಸಿಕೊಳ್ಳಬೇಡಿ ಮಗು. ಮುಂದಿನ ಸಲಕ್ಕೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ನಾನು ಹೊಸದಾಗಿ ಸೇರಿದ್ದ ಮೇಷ್ಟ್ರು, ಪೋಲಿಂಗ್ ಡ್ಯೂಟಿ ಬಿದ್ದಿತ್ತು. ಆಗಿನ್ನೂ ಕೋಲಾರ ಜಿಲ್ಲೆ ಒಂದೇ, ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಆಗಿನ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರು ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡಿದ್ದ ಕಾಲ. ಅವರು ತಂದ 1983ರ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸೀಟು. ದೇಶಕ್ಕೆಲ್ಲ ಅಂಥ ಕಾನೂನು ಬರುವ ಎಷ್ಟೋ ಮೊದಲೇ.

ಒಂದು ಮಂಡಲ ಪಂಚಾಯಿತಿ ನೆನಪಿದೆ. ಊರಿನ ಹೆಸರು ಬೇಡ. ಗೆದ್ದ ಹೆಂಗಸರಲ್ಲಿ ಒಬ್ಬರು ಕೂಲಿ ಮಾಡುವವರು. ಮೀಟಿಂಗಿನಲ್ಲಿ ಗಂಡಸರಿಗೆಲ್ಲ ಕುರ್ಚಿ, ಅವರು ಗೋಡೆ ಪಕ್ಕ ನೆಲದ ಮೇಲೆ. ಎರಡು ಮೀಟಿಂಗ್ ಹಾಗೇ ಕೂತರು. ಮೂರನೇ ಮೀಟಿಂಗಿಗೆ ಮಗನ ತಲೆ ಮೇಲೆ ಒಂದು ಕುರ್ಚಿ ಹೊರಿಸಿಕೊಂಡು ಬಂದರು. ನಮ್ಮ ಶಾಲೆಯದೇ ಕುರ್ಚಿ! ನನ್ನ ಹತ್ತಿರ ಕೇಳಿ ತಗೊಂಡು ಹೋಗಿದ್ದರು. ಎಲ್ಲಿಗೆ ಅಂತ ಹೇಳಿರಲಿಲ್ಲ. ಹೆಡ್ ಮೇಷ್ಟ್ರು ನನಗೆ ಬೈದರು, ಅದು ಬೇರೆ ಕಥೆ.

ಆ ಅವಧಿ ಮುಗಿದ ಮೇಲೆ ಸರ್ಕಾರ ಮತ್ತೆ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿ ಬಂದು ಕೂತರು. 1993ರ ಹೊಸ ಕಾಯ್ದೆ ಬರುವವರೆಗೂ ಹಾಗೇ. ಕುರ್ಚಿ ತಂದವರಿಗೆ ಮತ್ತೆ ನಿಲ್ಲುವ ಅವಕಾಶ ಬರಲೇ ಇಲ್ಲ. ಮಾವಿನ ತೋಪಿನವರೇ, ನಿಮ್ಮ ಬೇಸರ ನನಗೆ ಅರ್ಥ ಆಗುತ್ತೆ. ನಾನೂ ಆಗ ಬೇಸತ್ತು ಹತ್ತು ವರ್ಷ ಸುಮ್ಮನಿದ್ದೆ. ಆ ಹತ್ತು ವರ್ಷ ನಮ್ಮ ಪಂಚಾಯಿತಿ ಯಾರ ಕೈಲಿತ್ತು ಅಂತ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತೆ.

*[ಒಂದು ಪ್ರತಿಕ್ರಿಯೆ ತೆಗೆಯಲಾಗಿದೆ. ಅಭ್ಯರ್ಥಿಯ ಜಾತಿ ಕೇಳುವುದು ಇಲ್ಲಿ ಬೇಡ. – ನಿರ್ವಾಹಕರು]*

ಕೊನೇ ಮನೆ (ಬಂಗಾರಪೇಟೆ) · 4 ಜನವರಿ

ಜಾತಿ ಕೇಳಿದ್ದನ್ನು ತೆಗೆದದ್ದು ಒಳ್ಳೆಯದಾಯ್ತು. ಆದರೆ ಜಾತಿ ವಿಷಯ ಈ ಪೋಸ್ಟಿನಲ್ಲೇ ಇದೆ, ಅದನ್ನು ಯಾರೂ ಮುಟ್ಟಲಿಲ್ಲ.

ಹಿಪ್ಪುನೇರಳೆ ಅವರೇ, ನಾನು ಕಾಲೋನಿಯವನು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ ಅಂತ ಒಪ್ಪಿಕೊಂಡಿರಿ, ಅದಕ್ಕೆ ಮೆಚ್ಚುಗೆ. ನಮ್ಮ ಬೀದಿಗೂ ಎಲೆಕ್ಷನ್ ಬಂದಾಗ ಬಿಳಿ ಅಂಗಿಯವರು ಬರುತ್ತಾರೆ. ಚಾಪೆ ಮೇಲೆ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಫೋಟೋ ತೆಗೆಸುತ್ತಾರೆ. ನಮ್ಮಮ್ಮ ಆ ಲೋಟಗಳನ್ನು ಬೇರೆ ಎತ್ತಿಟ್ಟಿದ್ದಾರೆ. ತಮಾಷೆಗೆ. 'ಎಲೆಕ್ಷನ್ ಲೋಟ' ಅಂತಾರೆ.

ಒಂದೇ ಪ್ರಶ್ನೆ. 30ನೇ ತಾರೀಖು ಎಣಿಕೆ ಆಯ್ತು. ಇವತ್ತು 4. ಮತ್ತೆ ಹೋಗಿದ್ದಿರಾ?

ಹಿಪ್ಪುನೇರಳೆ ಕಡ್ಡಿ · 4 ಜನವರಿ

ಇಲ್ಲ ಅಣ್ಣ. ಹೋಗಿಲ್ಲ.

ನೈಟ್ ಶಿಫ್ಟ್ (ಕೆಜಿಎಫ್) · 4 ಜನವರಿ

ಲೋಟದ ಕಥೆ ಓದಿ ನಗು ಬಂತು, ಆಮೇಲೆ ಬರಲಿಲ್ಲ.

ನಮ್ಮ ಊರಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ಒಳಗೆ ಇಳಿಯುತ್ತಿದ್ದರು. ಅಂದಿನಿಂದ ಪ್ರತಿ ಎಲೆಕ್ಷನ್‌ಗೂ 'ಗಣಿ ತೆರೆಸುತ್ತೇವೆ' ಅಂತ ತಮಿಳಿನಲ್ಲೂ ಕನ್ನಡದಲ್ಲೂ ಕೇಳಿದ್ದೇನೆ. ಈಗ ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ವಾಪಸ್. ಭರವಸೆ ಅನ್ನೋ ಪದ ಕೇಳಿದರೇ ನಮಗೆ ಆಗಲ್ಲ. ಆದರೆ ಡಬ್ಬಿ ಬೀಗದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಗಣಿ ತೆರೆಸಿ ಅಂದರೆ ಯಾರೂ ತೆರೆಸಲ್ಲ. ಬೀಗ ಯಾರ ಹತ್ರ ಇದೆ ಅಂದರೆ ಒಬ್ಬ ಮನುಷ್ಯನ ಹೆಸರು ಹೇಳಲೇಬೇಕು.

ಮಾಜಿ ಮೆಂಬರ್ (ಗೌರಿಬಿದನೂರು) · 5 ಜನವರಿ

ಇಲ್ಲಿ ಇರುವವರೆಲ್ಲ ಗಂಡಸರೇ ಅನ್ನಿಸುತ್ತೆ. ನಾನು 2015ರಲ್ಲಿ ಗೆದ್ದವಳು, ಐದು ವರ್ಷ ಮೆಂಬರ್. ಸತ್ಯ ಹೇಳುತ್ತೇನೆ. ಮೊದಲ ಒಂದೂವರೆ ವರ್ಷ ನನ್ನ ಸೈನ್ ನಮ್ಮ ಮನೆಯವರೇ ಹಾಕುತ್ತಿದ್ದರು. ಮೀಟಿಂಗ್ ನೋಟಿಸ್ ಬಂದರೆ ಅವರೇ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಒಂದು ದಿನ ಯಾರದೋ ಮನೆ ಬಿಲ್ಲಿಗೆ ಹಾಕಿದ ನನ್ನ ಸೈನ್ ಬಗ್ಗೆ ಆಡಿಟ್‌ನಲ್ಲಿ ಪ್ರಶ್ನೆ ಬಂತು. ಉತ್ತರ ಕೊಡಬೇಕಾದವಳು ನಾನು. ಅವತ್ತಿನಿಂದ ನಾನೇ ಹೋದೆ. ಮನೆಯಲ್ಲಿ ಮೂರು ತಿಂಗಳು ಮಾತು ಕಡಿಮೆ ಇತ್ತು.

2010ರಿಂದ ಅರ್ಧ ಸೀಟು ನಮಗೇ. ಸೀಟು ಬಂದ ಮಾತ್ರಕ್ಕೆ ಸೈನ್ ನಮ್ಮದಾಗಲ್ಲ.

ತಮ್ಮಾ, ನಿಮ್ಮ ಅಕ್ಕ ಗೆದ್ದಿದ್ದರೆ ಈಗ ಏನು ಮಾಡುತ್ತಿದ್ದರು ಗೊತ್ತಾ? ಅಧ್ಯಕ್ಷ ಸ್ಥಾನದ ಮೀಸಲಾತಿ ಬಂದ ತಕ್ಷಣ ಗೆದ್ದವರನ್ನೆಲ್ಲ ಟಿಟಿ ವ್ಯಾನ್ ಹತ್ತಿಸಿ ಟೂರ್ ಕರೆದುಕೊಂಡು ಹೋಗುತ್ತಾರೆ, ಬೇರೆ ಬಣ ಎಗರಿಸಿಕೊಂಡು ಹೋಗದ ಹಾಗೆ. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸಮುದ್ರ ಮೊದಲ ಸಲ ನೋಡಿದ್ದು ಹಾಗೆ.

ಸೋತವರಿಗೆ ಒಂದು ಅನುಕೂಲ ಇದೆ, ಯಾರ ಮುಲಾಜೂ ಇಲ್ಲ. ಬೀಗದ ಪ್ರಶ್ನೆಯನ್ನು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಮಾಡಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದದ ಒಳಗಿರಬೇಕು, ಒಂದು ಅರ್ಜಿಗೆ ಒಂದೇ ವಿಷಯ. ನೀರಿನ ಘಟಕ, ಕೆರೆ ಹೂಳು ಎರಡನ್ನೂ ಒಂದರಲ್ಲೇ ತುರುಕಿದರೆ ಮೊದಲನೇದಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು. 'ಯಾಕೆ ಕೆಟ್ಟಿದೆ' ಅಂತ ಕೇಳಬೇಡಿ, ಉತ್ತರ ಬರಲ್ಲ. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ವಸೂಲಾದ ಹಣದ ರಿಜಿಸ್ಟರ್ ನಕಲು ಕೊಡಿ, ನಿರ್ವಹಣೆ ಯಾರಿಗೆ ವಹಿಸಿದ್ದೀರೋ ಆ ಒಪ್ಪಂದದ ನಕಲು ಕೊಡಿ. ಹೀಗೆ ಕಾಗದ ಕೇಳಿ. ಅರ್ಜಿಗೆ ನಿಮ್ಮ ಸೈನ್ ಬೇಡ, ಆ ಸೊಸೆಯದು ಹಾಕಿಸಿ. ಪ್ರಶ್ನೆ ಅವರದಲ್ವಾ?

ಕೆಂಪು ಬಸ್ಸು (ಬಾಗೇಪಲ್ಲಿ) · 5 ಜನವರಿ

ಓಟಿಗೆ ದುಡ್ಡು ಅನ್ನೋ ಮಾತಿಗೆ ನಮ್ಮದೊಂದು. ಬಾಗೇಪಲ್ಲಿಯಲ್ಲಿ 1994ರಲ್ಲಿ, ಮತ್ತೆ 2004ರಲ್ಲಿ ಸಿಪಿಎಂ ಗೆದ್ದಿದೆ. ಎರಡು ಸಲವೂ ಶ್ರೀರಾಮರೆಡ್ಡಿ ಅವರು ಎಂಎಲ್‌ಎ ಆದರು. ಆ ಪಾರ್ಟಿ ನನಗೆ ಪೂರ್ತಿ ಒಪ್ಪಿಗೆ ಅಂತಲ್ಲ. ಆದರೆ ಜನ ಓಟೂ ಕೊಟ್ಟು ಚಂದಾನೂ ಕೊಟ್ಟದ್ದನ್ನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದೇನೆ. ನಮ್ಮಜ್ಜ ಎರಡು ಸೇರು ಕಡಲೆಕಾಯಿ ಕೊಟ್ಟಿದ್ದರು.

ಮಾವಿನ ತೋಪು · 5 ಜನವರಿ

ಕಡಲೆಕಾಯಿ ಕಾಲ ಹೋಯ್ತು ಬಿಡಿ. ಈಗ ಸಾವಿರಕ್ಕೂ ಮೂಗು ಮುರಿಯುತ್ತಾರೆ.

ಮೇಷ್ಟ್ರೇ, ನಿಮ್ಮ ಮಾತು ತಾಗಿತು. ನಾನು ಸುಮ್ಮನೆ ಏನೂ ಕೂತಿಲ್ಲ, ನಮ್ಮ ಊರ ಕೆರೆ ನೀರನ್ನು ಟೆಸ್ಟ್ ಮಾಡಿಸಿ ಇಟ್ಟಿದ್ದೇನೆ. ಯಾರಿಗೆ ಕೊಡೋದು ಅಂತ ಗೊತ್ತಾಗದೆ ಬೀರುವಿನಲ್ಲಿದೆ, ಅಷ್ಟೇ.

ಮಾಜಿ ಮೆಂಬರ್ · 5 ಜನವರಿ

ಬೀರುವಿನಿಂದ ತೆಗೀರಿ ಅಣ್ಣ. ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದಾದ ಮೇಲೆ ಮೊಬೈಲಲ್ಲಿ ಫೋಟೋ ತಗೊಂಡೇ ಎದ್ದೇಳಿ.

ಹಿಪ್ಪುನೇರಳೆ ಕಡ್ಡಿ · 9 ಫೆಬ್ರವರಿ 2021

ಒಂದು ತಿಂಗಳ ಮೇಲಾಯ್ತು, ಏನಾಯ್ತು ಅಂತ ಹೇಳಬೇಕು.

ಕೊನೇ ಮನೆ ಅಣ್ಣ, ನಿಮ್ಮ ಪ್ರಶ್ನೆ ಓದಿದ ಮರುದಿನ ಅಕ್ಕನ ಜೊತೆ ಕಾಲೋನಿಗೆ ಹೋದೆ. ಮೊದಲು ಯಾರೂ ಸರಿಯಾಗಿ ಮಾತಾಡಲಿಲ್ಲ. ಎಲೆಕ್ಷನ್ ಮುಗೀತಲ್ಲ, ಇನ್ನೇನು ಬೇಕು ಅನ್ನೋ ಹಾಗೆ ನೋಡಿದರು. ಜಾಬ್ ಕಾರ್ಡ್ ಹೆಸರು ಬರೆದುಕೊಳ್ಳಲು ಮೂರು ಸಲ ಹೋಗಬೇಕಾಯ್ತು. ಹನ್ನೆರಡು ಜನ ಹೆಸರು ಕೊಟ್ಟರು, ಇಬ್ಬರು ಆಮೇಲೆ ಹೆದರಿ ವಾಪಸ್ ತಗೊಂಡರು. ಆ ಅರ್ಜಿ ಬೇರೆ, ಇನ್ನೂ ಉತ್ತರ ಬಂದಿಲ್ಲ. ಲೋಟ ಯಾವುದು ಅಂತ ನಾನು ಕೇಳಲಿಲ್ಲ.

ನೀರಿನ ಘಟಕದ ಅರ್ಜಿಗೆ ಸೊಸೆಯವರದೇ ಸೈನ್. ಜನವರಿ 7ಕ್ಕೆ ಹಾಕಿದೆವು. 18ನೇ ತಾರೀಖು ಯಾರೋ ಇಬ್ಬರು ಬೈಕಿನಲ್ಲಿ ಬಂದು ಘಟಕ ರಿಪೇರಿ ಮಾಡಿ ಹೋದರು. ಯಾರು ಕಳಿಸಿದರು ಅಂದರೆ ಹೇಳಲಿಲ್ಲ. ನೀರು ಬರುತ್ತಿದೆ! ಅವತ್ತು ಸಂಜೆ ಬಿಂದಿಗೆ ಸಾಲು ಅರಳಿಕಟ್ಟೆ ತನಕ ಇತ್ತು. ಗೆದ್ದವರ ಮನೆಯವರೂ ಸಾಲಿನಲ್ಲಿ ನಿಂತಿದ್ದರು.

ಮೊನ್ನೆ ಲಿಖಿತ ಉತ್ತರವೂ ಬಂತು. ಒಪ್ಪಂದದ ನಕಲು ಕೊಟ್ಟಿದ್ದಾರೆ. ವಸೂಲಿ ರಿಜಿಸ್ಟರ್ 'ಲಭ್ಯವಿಲ್ಲ' ಅಂತ ಒಂದೇ ಸಾಲು. ಅದನ್ನು ಅಜ್ಜಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀರು ಸರಿ. ಬೀಗ?" ಎಂದರು.

ಹಳೇ ಮೇಷ್ಟ್ರು · 9 ಫೆಬ್ರವರಿ

ಮೊದಲನೇ ಮೇಲ್ಮನವಿ ಹಾಕಿ. ಉತ್ತರ ಕೈಗೆ ಬಂದ ದಿನದಿಂದ ಮೂವತ್ತು ದಿನ ಟೈಮ್ ಇದೆ. ಚಿಂತಾಮಣಿಗೆ ಬನ್ನಿ, ಬರೆದುಕೊಡುತ್ತೇನೆ. ಉತ್ತರ ಬಂದ ಕವರ್ ಬಿಸಾಕಬೇಡಿ, ಮೇಲಿನ ಸೀಲಿನಲ್ಲಿ ತಾರೀಖು ಇರುತ್ತೆ.

ಹಿಪ್ಪುನೇರಳೆ ಕಡ್ಡಿ · 9 ಫೆಬ್ರವರಿ

ಬರುತ್ತೇವೆ ಮೇಷ್ಟ್ರೇ. ಸೈನ್ ಹಾಕಬೇಕಾದವರ ಮನೆಯಲ್ಲಿ ಈಗ ನಾಲ್ಕನೇ ಜ್ವರ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮರುದಿನ ಮೊದಲನೇ ಬಸ್ಸಿಗೆ ಹೊರಡುತ್ತೇವೆ. ಅಜ್ಜಿಯೂ ಬರುತ್ತಾರಂತೆ.